ನಲವತ್ಮೂರು ಸಹಿಗಳು

ಬ್ಲಾಂಚ್ ಕಬೂರೆಕ್‌ಗೆ ಅರವತ್ತೊಂದು ವರ್ಷ. ಅದರಲ್ಲಿ ಮೂವತ್ತು ಅಮೆರಿಕದ ನೆಬ್ರಾಸ್ಕ ರಾಜ್ಯದ ಡಾರ್ನಿಕ್ ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ಕಚೇರಿಯಲ್ಲಿ, ಬಾವಿ ನೀರಿನ ಪರೀಕ್ಷೆಯ ಫಲಿತಾಂಶವನ್ನು ಜನರಿಗೆ ತಿಳಿಸುವ ಕೆಲಸದಲ್ಲಿ ಕಳೆದಿದ್ದವು. ಅವಳನ್ನು ಸಿಡುಕಿ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದರು. ಅದು ಸುಳ್ಳಲ್ಲ. ಆದರೆ ಆ ಗುರುವಾರದ ಸಿಟ್ಟು ಬೇರೆ ಜಾತಿಯದು.

ಆ ಕೌಂಟಿಯ ಗುಮಾಸ್ತೆಯರಿಗೆಲ್ಲ ಒಂದು ಅಭ್ಯಾಸವಿತ್ತು. ಇಮೇಲಿನ ಕೆಳಗೆ ಹೆಸರು, ಹುದ್ದೆ, ಫೋನ್ ನಂಬರು ತಾನಾಗಿ ಬಂದು ಕೂರಲೆಂದು ಸಹಿಯ ಜಾಗವಿರುತ್ತದಲ್ಲ, ಅದರಲ್ಲಿ ಅವರು ಇಡೀ ಪತ್ರವನ್ನೇ ತುಂಬಿಡುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ ಅದೇ ಮಾತನ್ನು ಬರೆಯಬೇಕಾದವರಿಗೆ ಒಂದು ಒತ್ತಿಗೆ ಪತ್ರ ಸಿದ್ಧ. ನಾಯಿ ಸಾಕಲು ಲೈಸೆನ್ಸು ಕೊಡುವವಳ ಬಳಿ ಇಂಥ ಸಹಿಗಳು ಹನ್ನೊಂದು, ಜಮೀನು ನೋಂದಣಿಯವಳ ಬಳಿ ಇಪ್ಪತ್ತು, ಬ್ಲಾಂಚ್ ಬಳಿ ನಲವತ್ಮೂರು.

ಹತ್ತೊಂಬತ್ತನೆಯದು ನೈಟ್ರೇಟಿನ ಪತ್ರ. ಮೆಕ್ಕೆಜೋಳದ ಹೊಲಗಳಿಗೆ ಸುರಿದ ಗೊಬ್ಬರ ನೆಲಕ್ಕಿಳಿದು ಬಾವಿ ಸೇರುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ದೊಡ್ಡವರು ತಡೆದುಕೊಂಡಾರು. ಆ ನೀರಲ್ಲಿ ಕಲೆಸಿದ ಪುಡಿಹಾಲು ಕುಡಿದ ಕೂಸಿನ ತುಟಿ, ಉಗುರು ನೀಲಿಗಟ್ಟುತ್ತವೆ. ಬ್ಲಾಂಚ್ ಇದನ್ನು ಪುಸ್ತಕದಿಂದ ಕಲಿತವಳಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಮೇಲಿನವರು ಕೊಟ್ಟ ಪತ್ರವನ್ನೇ ಒಂದು ಮನೆಗೆ ಕಳಿಸಿದ್ದಳು: ಹತ್ತು ನಿಮಿಷ ಕುದಿಸಿ ಬಳಸಿ. ಎಂಟು ದಿನದ ಮೇಲೆ ಓಮಾಹಾ ನಗರದಿಂದ ಡಾಕ್ಟರೊಬ್ಬರು ಫೋನ್ ಮಾಡಿದರು. "ಕುದಿಸಿ ಅಂತ ಬರೆದವರು ಯಾರಮ್ಮ? ನೀವೇನಾ?"

ಕೂಸು ಉಳಿಯಿತು. ಬ್ಲಾಂಚ್ ಹೊಸ ಪತ್ರ ಬರೆಯಲು ಕೂತಳು. ಒಂದೊಂದು ಸಾಲಿಗೂ ಡಾಕ್ಟರುಗಳನ್ನು ಪೀಡಿಸಿದಳು. ಮೆಕ್ಸಿಕೋದ ನರ್ಸೊಬ್ಬಳ ಅಡುಗೆಮನೆಯಲ್ಲಿ ನಾಲ್ಕು ಭಾನುವಾರ ಕೂತು ಅದನ್ನು ಸ್ಪ್ಯಾನಿಷ್‌ಗೆ ತರಿಸಿದಳು. ಮೊದಲು ಎಲ್ಲರೂ ತೆರೆಯಬಹುದಾದ ಕಚೇರಿಯ ಫೋಲ್ಡರಿನಲ್ಲೇ ಇಟ್ಟಿದ್ದಳು. ಯಾರೋ ಪುಣ್ಯಾತ್ಮರು 'ಕೂಸಿಗೆ ಅಪಾಯ' ಎಂಬ ಸಾಲು ಒರಟಾಯಿತೆಂದು ಅಳಿಸಿದರು. ಅಂದೇ ಪತ್ರವನ್ನು ಅಲ್ಲಿಂದ ತೆಗೆದು ತನ್ನ ಕಂಪ್ಯೂಟರಿನ ಸಹಿಗಳ ನಡುವೆ ಸೇರಿಸಿದಳು. ಅದಾಗಿ ಹದಿನೈದು ವರ್ಷ.

ಬುಧವಾರ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಬದಲಾಯಿಸಿದರು. ಗುರುವಾರ ಬೆಳಿಗ್ಗೆ ಬ್ಲಾಂಚ್ ಹೊಸದನ್ನು ತೆರೆದರೆ ನಲವತ್ಮೂರರ ಜಾಗದಲ್ಲಿ ಒಂದೇ ಒಂದು ಸಹಿ: ಅವಳ ಹೆಸರು, ಕೌಂಟಿಯ ಲಾಂಛನ, ಕೆಳಗೆ 'ಶುದ್ಧ ನೀರು, ಸುಖೀ ಮನೆ'. ಇನ್ನು ಮೇಲೆ ಎಲ್ಲರದೂ ಒಂದೇ ತೆರ ಇರಬೇಕೆಂದು ಕಚೇರಿಯ ಮುಖ್ಯಸ್ಥ ಡ್ವೇನ್ ರೆಟಿಗ್ ಆಜ್ಞೆ ಹೊರಡಿಸಿದ್ದ.

ಕಂಪ್ಯೂಟರು ಜೋಡಿಸಲು ಲಿಂಕನ್ ನಗರದಿಂದ ಬಂದಿದ್ದ ಕೋಲ್ಟನ್ ಪಕ್ಕದ ಮೇಜಿನಡಿ ತಂತಿ ಸುತ್ತುತ್ತಿದ್ದ. ಒಂದು ಮೇಲ್ ಕೂಡ ಕಳೆದಿಲ್ಲವೆಂದು ಹೆಮ್ಮೆಯಿಂದ ಹೇಳಿದ.

"ಮೇಲ್ ಯಾರು ಕೇಳಿದ್ರು? ನನ್ನ ಸಿಗ್ನೇಚರುಗಳು ಎಲ್ಲಿ?"

"ಸಿಗ್ನೇಚರಾ? ಹೆಸರು, ನಂಬರು ಅಷ್ಟೇ ತಾನೆ ಮ್ಯಾಮ್. ಎರಡು ನಿಮಿಷದಲ್ಲಿ ಟೈಪ್ ಮಾಡ್ಕೋಬಹುದು."

"ಅದರಲ್ಲಿ ಒಂದೊಂದು ಸಾಲಿಗೆ ನಾನು ಒಂದೊಂದು ವಾರ ಜಗಳ ಆಡಿದೀನಪ್ಪ. ಎರಡು ನಿಮಿಷವಂತೆ."

ಕೋಲ್ಟನ್ ತಂತಿ ಕೆಳಗಿಟ್ಟ. ಮೇಲ್ ಎಲ್ಲೋ ದೂರದ ಯಂತ್ರದಲ್ಲಿರುತ್ತದೆ, ಎಲ್ಲಿ ತೆರೆದರೂ ಸಿಗುತ್ತದೆ. ಈ ಸಹಿಗಳು ಹಾಗಲ್ಲ, ಮಾಡಿದ ಕಂಪ್ಯೂಟರಿನಲ್ಲೇ ಉಳಿಯುತ್ತವೆ, ಒಂದರಲ್ಲಿರುವುದು ಇನ್ನೊಂದಕ್ಕೆ ಗೊತ್ತಿರುವುದಿಲ್ಲ ಎಂದ. ಬ್ಲಾಂಚ್ ಫೋನು ತೆಗೆದು ನೋಡಿದಳು. ಬರೀ ಹೆಸರು. ಹಳ್ಳಿಗಳಿಗೆ ಒಯ್ಯುವ ಲ್ಯಾಪ್‌ಟಾಪಿನಲ್ಲಿ ಒಂಬತ್ತು ಹಳೆಯವು, ನೈಟ್ರೇಟಿನದು ಇಲ್ಲ. ಅವಳ ಹಳೇ ಕಂಪ್ಯೂಟರು ಹಿಂಬಾಗಿಲ ಬಳಿ ರಾಶಿಯಲ್ಲಿತ್ತು. ಎಲ್ಲವನ್ನೂ ಅಳಿಸಿ ಹರಾಜು ಹಾಕಲು ಒಯ್ಯುವ ಲಾರಿ ಹನ್ನೊಂದಕ್ಕೆ ಬರುವುದಿತ್ತು.

ಅಷ್ಟರಲ್ಲಿ ರೆಟಿಗ್ ಕಾಫಿ ಹಿಡಿದು ಬಂದ. ಉಪಕಾರ ಮಾಡಿದವನ ಮುಖ.

"ನಿನ್ನೆ ನಿಮ್ಮ ಕಂಪ್ಯೂಟರ್ ಇರಲಿಲ್ಲವಲ್ಲ ಬ್ಲಾಂಚ್, ಓರೋಸ್ಕೊ ಅವರ ಬಾವಿ ನೀರಿನ ರಿಪೋರ್ಟ್ ನಾನೇ ಕಳಿಸಿಬಿಟ್ಟೆ. ಆಫೀಸ್ ಫೋಲ್ಡರಲ್ಲಿ ಇದ್ದ ಲೆಟರ್ ಹಾಕಿ."

"ಯಾವ ಲೆಟರ್?"

"ಅದೇ, ನೀರು ಕುದಿಸಿ ಅನ್ನೋದು."

ಬ್ಲಾಂಚ್ ವರದಿ ಎಳೆದುಕೊಂಡಳು. ನೈಟ್ರೇಟ್ ಮೂವತ್ನಾಲ್ಕು, ಹತ್ತು ದಾಟಬಾರದು. ಅರ್ಜಿಯಲ್ಲಿ ಮನೆಯವರ ಸಾಲು: ಗಂಡ, ಹೆಂಡತಿ, ನಾಲ್ಕು ತಿಂಗಳ ಹೆಣ್ಣು ಮಗು. ಕೊಟ್ಟಿದ್ದ ಫೋನು ಗಂಡನದು. ಅವನು ಮಾಂಸದ ಕಾರ್ಖಾನೆಯವನು. ಪಾಳಿ ಮುಗಿಯುವವರೆಗೆ ಫೋನು ಲಾಕರಿನಲ್ಲಿ. ಮೂರು ಸಲ ಮಾಡಿದಳು, ಯಾರೂ ಎತ್ತಲಿಲ್ಲ. ಅದು ಸ್ಪ್ಯಾನಿಷ್ ಮಾತಾಡುವ ಮನೆ, ಅವಳಿಗೆ ಬರುವ ಸ್ಪ್ಯಾನಿಷ್ ನಮಸ್ಕಾರ ಹೇಳುವಷ್ಟು. ಆ ಪತ್ರ ಬೇಕೇ ಬೇಕಿತ್ತು.

ಅವಳು ಹಿಂಬಾಗಿಲಿಗೆ ನಡೆದಳು, ಹಿಂದೆ ಕೋಲ್ಟನ್. ಇಪ್ಪತ್ತಾರು ಕಂಪ್ಯೂಟರುಗಳು, ಒಂದರ ಮೇಲೂ ಹೆಸರಿಲ್ಲ. ಒಂದೊಂದನ್ನೇ ಹಚ್ಚಿ ನೋಡಿದಾಗ ಐದನೆಯದು ಅವಳದಾಗಿತ್ತು. ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದಂತೆ ಮರೆಮಾಡಿದ ಫೋಲ್ಡರೊಂದನ್ನು ಕೋಲ್ಟನ್ ತೆರೆದ. ಒಂದೊಂದು ಸಹಿಗೆ ಮೂರು ಮೂರು ಕಡತ, ಒಟ್ಟು ನೂರ ಇಪ್ಪತ್ತೊಂಬತ್ತು. ಪೆನ್‌ಡ್ರೈವಿಗೆ ಹಾಕಿ ಅವಳ ಕೈಗೆ ಕೊಟ್ಟ. ಹತ್ತೊಂಬತ್ತನೆಯದನ್ನು ಅಚ್ಚು ಹಾಕಿಕೊಂಡು, ಉಳಿದವರ ಸಹಿಗಳನ್ನೂ ತೆಗೆದಿಡುವ ತನಕ ಲಾರಿಯನ್ನು ಬಿಡಕೂಡದೆಂದು ಕೋಲ್ಟನ್‌ಗೆ ತಾಕೀತು ಮಾಡಿ, ಅವಳು ಓರೋಸ್ಕೊ ಅವರ ಮನೆಗೆ ಹದಿನಾಲ್ಕು ಮೈಲಿ ಕಾರು ಓಡಿಸಿದಳು.

ಬಾಗಿಲು ತೆಗೆದದ್ದು ಮರಿಸೆಲಾ ಓರೋಸ್ಕೊ, ಸೊಂಟದಲ್ಲಿ ಮಗು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಬ್ಲಾಂಚ್ ನೇರ ಹೋಗಿ ಒಲೆ ಆರಿಸಿ ಕಾಗದವನ್ನು ಮುಂದೆ ಹಿಡಿದಳು. ಮರಿಸೆಲಾ ಎರಡು ಸಲ ಓದಿದಳು. ಆಮೇಲೆ, ಗಂಡ ಕಳಿಸಿದ್ದ ನಿನ್ನೆಯ ಪತ್ರವನ್ನು ತನ್ನ ಫೋನಿನಲ್ಲಿ ತೆರೆದು ಪಕ್ಕದಲ್ಲಿಟ್ಟಳು. ಅವಳ ಇಂಗ್ಲಿಷ್ ತಡವರಿಸುತ್ತಿತ್ತು, ಸಿಟ್ಟು ತಡವರಿಸಲಿಲ್ಲ.

"ನಿನ್ನೆ ಕುದಿಸು ಅಂದ್ರಿ. ಇವತ್ತು ಕುದಿಸಬೇಡ ಅಂತೀರಿ. ಒಂದೇ ಆಫೀಸು. ಬೆಳಿಗ್ಗೆಯಿಂದ ಎರಡು ಬಾಟಲಿ ಕುಡಿಸಿದೀನಿ. ನಾಳೆ ಏನು ಹೇಳ್ತೀರಿ?"

ಬ್ಲಾಂಚ್ ಮಗುವಿನ ತುಟಿ, ಉಗುರು ನೋಡಿದಳು. ಬಣ್ಣ ಸರಿಯಿತ್ತು. ಆದರೂ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದಳು. ರಕ್ತದಲ್ಲಿ ದೋಷ ತುಸು ಇದೆ, ಔಷಧ ಬೇಕಿಲ್ಲ, ಆ ನೀರು ನಿಲ್ಲಿಸಿದರೆ ಸಾಕು ಎಂದರು. ಇನ್ನೊಂದು ವಾರ ಆಗಿದ್ದರೆ ಮಾತು ಬೇರೆಯಿರುತ್ತಿತ್ತು ಎಂದೂ ಹೇಳಿದರು. ಮರಿಸೆಲಾ ಕೃತಜ್ಞತೆ ಹೇಳಲಿಲ್ಲ. ಬ್ಲಾಂಚ್‌ಗೆ ಅದು ಸರಿಯೆನಿಸಿತು.

ಮೂರು ಗಂಟೆಗೆ ಕಚೇರಿಗೆ ಬಂದಾಗ, ಕೋಲ್ಟನ್‌ನಿಂದ ವಿಷಯ ತಿಳಿದ ರೆಟಿಗ್ ಬಿಳಿಚಿಕೊಂಡು ಕಾಯುತ್ತಿದ್ದ. ಅವಳು ಅವನನ್ನು ನಿಲ್ಲಿಸಿ ಬೈದಳು; ನಂಬರು ನೋಡದೆ, ಮಗುವಿನ ವಯಸ್ಸು ನೋಡದೆ ಪತ್ರ ಕಳಿಸುವವನು ಅಂಚೆಪೆಟ್ಟಿಗೆಗಿಂತ ಕಡೆ ಎಂದಳು. ಅವನು ಪೂರ್ತಿ ಕೇಳಿಸಿಕೊಂಡ.

"ಒಪ್ತೀನಿ. ಆದ್ರೆ ಬ್ಲಾಂಚ್, ನಿಮ್ಮ ಲೆಟರ್ ಆಫೀಸ್ ಫೋಲ್ಡರಲ್ಲಿ ಇದ್ದಿದ್ರೆ ನಾನು ಅದನ್ನೇ ಕಳಿಸ್ತಿದ್ದೆ."

ದಿನವಿಡೀ ಅವಳಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಯಾಕೆಂದರೆ ಮಾತು ನಿಜವಾಗಿತ್ತು. ಕೈಯಾಡಿಸುವವರಿಗೆ ಸಿಗಬಾರದೆಂದು ಬಚ್ಚಿಟ್ಟಿದ್ದಳು, ಬೇಕಾದವರಿಗೂ ಸಿಗಲಿಲ್ಲ. ತನಗೆ ಜ್ವರ ಬಂದು ಮಲಗಿದ ದಿನಗಳಲ್ಲಿ ಯಾವ ಯಾವ ಮನೆಗೆ ಯಾವ ಪತ್ರ ಹೋಗಿತ್ತೋ ಎಂದು ಈಗ ಹೊಳೆಯಿತು. ನಾಳೆಯೇ ಹಳೆಯ ವರದಿಗಳನ್ನು ತೆಗೆದು ನೋಡಬೇಕು.

ಅವಳು ಪೆನ್‌ಡ್ರೈವನ್ನು ಕೋಲ್ಟನ್ ಮುಂದೆ ಇಟ್ಟಳು. ಕುದಿಸುವ ಪತ್ರಕ್ಕೆ 'ಕ್ರಿಮಿ ಇದ್ದರೆ ಮಾತ್ರ' ಎಂದು ಹೆಸರಿಡಬೇಕು. ನಲವತ್ಮೂರೂ ಪತ್ರ ಕಚೇರಿಯ ಫೋಲ್ಡರಿನಲ್ಲಿರಬೇಕು, ಲ್ಯಾಪ್‌ಟಾಪಿನಲ್ಲೂ ಇರಬೇಕು ಎಂದಳು.

"ಹದಿನೈದು ವರ್ಷದ ಹಿಂದೆ ಅಲ್ಲೇ ಇಟ್ಟಿದ್ದೆ, ಯಾರೋ ಸಾಲು ಅಳಿಸಿದ್ರು. ಎಲ್ಲರೂ ತಗೊಂಡು ಕಳಿಸಬಹುದು, ಯಾರೂ ತಿದ್ದಕ್ಕಾಗಬಾರದು. ಹಂಗೆ ಮಾಡಕ್ಕಾಗುತ್ತಾ?"

"ಆಗುತ್ತೆ ಮ್ಯಾಮ್. ಹದಿನೈದು ವರ್ಷದ ಹಿಂದೇನೂ ಆಗ್ತಿತ್ತು."

"ಬಾಯಿ ಮುಚ್ಕೊಂಡು ಮಾಡು," ಎಂದಳು ಬ್ಲಾಂಚ್, ಮತ್ತು ಅವನು ಮಾಡಿ ಮುಗಿಸುವವರೆಗೆ ಅವನ ಹಿಂದೆಯೇ ನಿಂತಿದ್ದಳು.