ಗುಂಡಮ್ಮನ ಕೈ, ಡಾಕ್ಟರಮ್ಮನ ತಂತಿ

ಉಮರ್ಗಾದ ಹೈವೇ ಬದಿಯ ಆ ಖಾಸಗಿ ದವಾಖಾನೆಗೆ ಎಷ್ಟೋ ಡಾಕ್ಟರುಗಳು ಬಂದರು, ಹೋದರು. ಗುಂಡಮ್ಮ ಮಾತ್ರ ಹದಿನೆಂಟು ವರ್ಷದಿಂದ ಅಲ್ಲೇ ಇದ್ದಾಳೆ. ಹುದ್ದೆ ಆಯಾ. ಆ ಮರಾಠಿ ಸೀಮೆಯ ದವಾಖಾನೆಗಳಲ್ಲಿ ಆಯಾಗಳನ್ನು ‘ಮಾವಶಿ’ ಎನ್ನುತ್ತಾರೆ, ಅಂದರೆ ಚಿಕ್ಕಮ್ಮ. ಹೀಗಾಗಿ ಹಲ್ಲಿಲ್ಲದ ಎಂಬತ್ತರ ಮುದುಕನಿಗೂ ಆಕೆ ಚಿಕ್ಕಮ್ಮನೇ. ತವರು ದಾಳಿಂಬ ಎಂಬ ಹಳ್ಳಿಯ ಕುರಿ ಸಾಕುವ ಮನೆತನ, ಕೊಟ್ಟದ್ದು ನಿಲಂಗಾಕ್ಕೆ, ಗಂಡ ತೀರಿದ ಮೇಲೆ ಬಂದು ನಿಂತದ್ದು ಈ ಐಸಿಯುದ ಬಾಗಿಲಲ್ಲಿ. ಸಂಬಳ ಆಯಾದ್ದಾದರೂ ದರ್ಪ ಸಿವಿಲ್ ಸರ್ಜನ್ನನದು.

ದರ್ಪಕ್ಕೆ ಕಾರಣ ಆಕೆಯ ಬಲಗೈ. ಕೈಯ ಹಿಂಬದಿಯನ್ನು ರೋಗಿಯ ಹಣೆಗೆ ತಾಗಿಸಿ, ಕಣ್ಣು ಅರೆಮುಚ್ಚಿ, “ನೂರಾ ಎರಡೂವರಿ” ಎಂದರೆ ಮುಗಿಯಿತು. ನರ್ಸು ಥರ್ಮಾಮೀಟರ್ ಇಟ್ಟು ನೋಡಿದರೆ ನೂರಾ ಎರಡು ಪಾಯಿಂಟ್ ನಾಲ್ಕು. ಆ ಒಂದು ಪಾಯಿಂಟು ಎಲ್ಲಿ ಹೋಯಿತು ಎಂದು ಕೇಳಿದರೆ, ನಿಮ್ಮ ಥರ್ಮಾಮೀಟರ್ ಹಳೆಯದಾಗಿದೆ, ಬದಲಿಸಿಕೊಳ್ಳಿ ಎಂದು ಹೇಳಿ ಬಕೆಟ್ಟು ಎತ್ತಿಕೊಂಡು ಹೋಗುತ್ತಿದ್ದಳು.

ಹೋದ ಮಾರ್ಚಿನಲ್ಲಿ ಉದ್ಗೀರಿನ ಪೂನಮ ಎಂಬ ಡಾಕ್ಟರಮ್ಮ ಈ ಐಸಿಯುಗೆ ಬಂದಳು. ಬಂದವಳು ಸುಮ್ಮನೆ ಬರಲಿಲ್ಲ, ಒಂದು ಸಂಶೋಧನೆ ಕಂಕುಳಲ್ಲಿ ಇಟ್ಟುಕೊಂಡೇ ಬಂದಳು. ಬಿಸಿಲು ಬಡಿದು ಬಂದವರ ಮೈ ಹೊರಗೆ ಒಂದು ಲೆಕ್ಕ ಹೇಳುತ್ತದೆ, ಒಳಗೆ ಇನ್ನೊಂದು. ಹಣೆ ಎಷ್ಟು ಸುಳ್ಳು ಹೇಳುತ್ತದೆ, ಕಂಕುಳು ಎಷ್ಟು ಸುಳ್ಳು ಹೇಳುತ್ತದೆ ಎನ್ನುವುದನ್ನು ಆಕೆ ಪತ್ತೆ ಮಾಡಬೇಕಿತ್ತು. ಅದಕ್ಕೆ ಜೂನ್ ಮುಗಿಯುವುದರೊಳಗೆ ನಲವತ್ತು ರೋಗಿಗಳು ಬೇಕು. ಪ್ರತಿಯೊಬ್ಬರಿಗೂ ಒಂದೇ ಹೊತ್ತಿಗೆ ಮೂರು ಕಡೆ ಅಳತೆ: ಹಣೆ, ಕಂಕುಳು, ಮತ್ತೆ ಮೂರನೆಯ ಜಾಗ. ಹಣೆ ಕಂಕುಳು ಹೇಳುವವರೆಗೆ ಮನೆಯವರು ಹೂಂಗುಟ್ಟುತ್ತಿದ್ದರು. ಸಣ್ಣ ತಂತಿಯೊಂದನ್ನು ಹಿಂದಿನಿಂದ ಒಳಗೆ ಇಡಬೇಕಾಗುತ್ತದೆ ಎನ್ನುವ ಮಾತು ಬಂದ ಕೂಡಲೇ ಬೆಂಚಿನಿಂದ ಎದ್ದು ನಿಲ್ಲುತ್ತಿದ್ದರು.

ನಮ್ಮ ಜನ ಹೊಟ್ಟೆ ಕೊಯ್ಯುವುದಕ್ಕೆ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತುತ್ತಾರೆ, ತಲೆಬುರುಡೆ ತೆರೆಯುವುದಕ್ಕೂ ಒತ್ತುತ್ತಾರೆ. ಆದರೆ ಇದಕ್ಕೆ ಒತ್ತಲಿಲ್ಲ. ತುರೋರಿಯ ವೀರಭದ್ರ ಎಂಬ ರೈತನಂತೂ ತನ್ನ ತಂದೆ ಎರಡು ಸಲ ಪಂಚಾಯತಿಗೆ ಆರಿಸಿ ಬಂದವರು, ಅಂಥವರಿಗೆ ಹೀಗೆಲ್ಲ ಮಾಡಲು ಬರುವುದಿಲ್ಲ ಎಂದು ಗಂಭೀರವಾಗಿ ತಿಳಿಸಿದ. ಮೂರು ವಾರದಲ್ಲಿ ಡಾಕ್ಟರಮ್ಮನಿಗೆ ಸಿಕ್ಕವರು ಇಬ್ಬರೇ. ಇಬ್ಬರಿಗೂ ಸಹಿ ಹಾಕಿದವರು ಅಳಿಯಂದಿರು.

ಮನೆಯವರನ್ನು ಒಪ್ಪಿಸುವ ಕೆಲಸ ಗುಂಡಮ್ಮನ ತಲೆಗೆ ಬಂತು. ಆಕೆ ಮಾಡಿದಳು, ಆದರೆ ಬೇರೆಯವರ ಮನೆಯ ಮದುವೆಗೆ ಹೆಣ್ಣು ಹುಡುಕಿದ ಹಾಗೆ ಮಾಡಿದಳು. ತನ್ನ ಕೈ ಇರುವಾಗ ಈ ತಂತಿ ಯಾಕೆ ಎನ್ನುವುದು ಆಕೆಯ ವಾದ. ಪೂನಮ ಜಾಣೆ. ಜಗಳ ಆಡದೆ ತನ್ನ ರಜಿಸ್ಟರಿನಲ್ಲಿ ನಾಲ್ಕನೆಯ ಕಾಲಮ್ಮು ಎಳೆದು ‘ಮಾವಶಿಯ ಕೈ’ ಎಂದು ಬರೆದಳು. ಮಾಮೂಲಿ ಜ್ವರದಲ್ಲಿ ನಿಮ್ಮ ಕೈ ಸರಿ, ಬಿಸಿಲು ಬಡಿದವರ ಮೈಮೇಲೆ ನೀರು ಬಿದ್ದಿದ್ದರೆ ಚರ್ಮ ತಣ್ಣಗಾಗಿ ಕೈ ಮೋಸಹೋಗುತ್ತದೆ ಎಂದೂ ಬಿಡಿಸಿ ಹೇಳಿದಳು. ಗುಂಡಮ್ಮನ ಕಿವಿಗೆ ಬಿದ್ದದ್ದು ಕಾಲಮ್ಮಿನ ಸಂಗತಿ ಮಾತ್ರ. ಸರಕಾರದ ಸಂಶೋಧನೆಯಲ್ಲಿ ತನ್ನ ಕೈ ಇದೆ ಎಂದು ಕಾಯಿಪಲ್ಲೆ ಮಾರುವ ಉಮಾಬಾಯಿಗೂ ಹೇಳಿ ಬಂದಳು.

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಎರಡರ ಹೊತ್ತಿಗೆ ಒಂದು ಟೆಂಪೋ ಬಂದು ನಿಂತಿತು. ಅದರಲ್ಲಿ ಮಲಗಿದ್ದವನು ಗುಂಡಮ್ಮನ ಸ್ವಂತ ಅಣ್ಣ, ಬೀರಣ್ಣ. ಕುರಿಗಾರರ ದೇವರು ಬೀರಪ್ಪನ ಪೂಜಾರಿ. ಅರವತ್ತೆರಡರ ಗಟ್ಟಿ ಜೀವ, ಮೇ ತಿಂಗಳಲ್ಲೂ ಹೆಗಲ ಮೇಲಿನ ಕಂಬಳಿ ಇಳಿಸುವವನಲ್ಲ. ಸೋಯಾ ಕಿತ್ತ ಹೊಲದಲ್ಲಿ ಕುರಿ ಹಿಂದೆ ಹೋಗುತ್ತಿದ್ದವನು ಹಾಗೇ ಕುಸಿದಿದ್ದ. ಆಚೀಚೆ ಹೊಲದವರು ಟ್ಯಾಂಕರಿನ ನೀರು ಸುರಿದು, ಟೆಂಪೋಕ್ಕೆ ಹಾಕಿ ತಂದಿದ್ದರು. ಜೊತೆಗೆ ಬೀರಣ್ಣನ ಹೆಂಡತಿ ಸುವರ್ಣಾ, ಮಗ ಕನಕರಾಜ, ಕುರಿ ಕಾಯುವ ಹತ್ತು ಹನ್ನೆರಡು ಜನ ಗಂಡಸರು.

ಒಳಗೆ ಡಾಕ್ಟರಮ್ಮ ಇನ್ನೊಂದು ಮಂಚದ ರೋಗಿಯ ಉಸಿರಿನ ನಳಿಕೆಯಲ್ಲಿ ಸಿಕ್ಕಿಕೊಂಡಿದ್ದಳು, ಎರಡು ನಿಮಿಷ ಎಂದು ಕೂಗಿದಳು. ಗುಂಡಮ್ಮ ಅಣ್ಣನನ್ನು ಖಾಲಿ ಮಂಚಕ್ಕೆ ಹಾಕಿಸಿ ಹಣೆ ಮುಟ್ಟಿದಳು. ತಣ್ಣಗಿತ್ತು. ತೋಳು ಮುಟ್ಟಿದಳು, ಅದೂ ತಣ್ಣಗಿತ್ತು. ಮೈ ಗಡಗಡ ನಡುಗುತ್ತಿತ್ತು. ಜ್ವರವೂ ಇಲ್ಲ, ಏನೂ ಇಲ್ಲ, ಈ ಮೂರ್ಖರು ತಣ್ಣೀರು ಸುರಿದು ಚಳಿ ಹಿಡಿಸಿದ್ದಾರೆ ಎಂದು ಬೈದುಕೊಂಡು, ಮೈ ಒರೆಸಿ, ಅವನ ಕಂಬಳಿಯನ್ನೇ ಕುತ್ತಿಗೆವರೆಗೆ ಹೊದಿಸಿ ಸುತ್ತಲೂ ಒತ್ತಿದಳು. ಚಿಕ್ಕಂದಿನಲ್ಲಿ ಚಳಿಜ್ವರ ಬಂದಾಗ ಅವನು ಅವಳಿಗೆ ಹೀಗೇ ಮಾಡುತ್ತಿದ್ದ.

ಬೀರಣ್ಣ ಕಣ್ಣು ತೆರೆದ. ತಂಗಿಯನ್ನು ನೋಡಿದ. ನೋಡಿ, ನಾಲಿಗೆ ಹೊರಳಿಸಿ, ಕುರಿಗಳನ್ನು ಕರೆಯುವ ದನಿಯಲ್ಲಿ ಅವಳನ್ನು ಕರೆದ. ಗುಂಡಮ್ಮನಿಗೆ ಮೊದಲು ನಗು ಬಂತು. ಅವನು ಇನ್ನೊಮ್ಮೆ ಕರೆದು, ದಾರಿ ಬಿಟ್ಟು ಹೋಗುವ ಕುರಿಗೆ ಬೈಯುವ ಬೈಗುಳ ಬೈದ. ಇನ್ನೂರು ಕುರಿಗಳ ಮುಖ ಗುರುತು ಹಿಡಿಯುವವನಿಗೆ ಒಬ್ಬಳೇ ತಂಗಿಯ ಮುಖ ಗುರುತು ಸಿಗಲಿಲ್ಲ. ಅವಳ ನಗು ಅಲ್ಲಿಗೇ ನಿಂತಿತು, ನೀರು ಬಿದ್ದ ಚರ್ಮದ ಬಗ್ಗೆ ಡಾಕ್ಟರಮ್ಮ ಹೇಳಿದ್ದ ಮಾತು ಈಗ ಕಿವಿಗೆ ಬಿತ್ತು. ನಾಲ್ಕು ನಿಮಿಷ ಹೊದಿಸಿದ್ದ ಕಂಬಳಿಯನ್ನು ಎಳೆದು ಮಂಚದ ಕೆಳಗೆ ತಳ್ಳಿದಳು. ಯಾರೂ ನೋಡಲಿಲ್ಲ.

ಡಾಕ್ಟರಮ್ಮ ಬಂದು ಒಂದು ನೋಟ ನೋಡಿ, ಒಳಗಿನ ಉಷ್ಣತೆ ಈಗಲೇ ತಿಳಿಯಬೇಕು, ಸಂಶೋಧನೆ ಹಾಳಾಗಿ ಹೋಗಲಿ, ಇದು ಜೀವದ ಪ್ರಶ್ನೆ ಎಂದಳು. ಬಾಗಿಲ ಹೊರಗೆ ಕನಕರಾಜ ಅಡ್ಡ ನಿಂತ. ಅಪ್ಪನದು ಪೂಜಾರಿಯ ಮೈ, ದೇವರು ಬರುವ ಮೈ, ಅಂಥದ್ದೆಲ್ಲ ಆಗುವುದಿಲ್ಲ, ಹಾಗೇನಾದರೂ ಇದ್ದರೆ ಇದೇ ಟೆಂಪೋದಲ್ಲಿ ಸೊಲ್ಲಾಪುರಕ್ಕೆ ಒಯ್ಯುತ್ತೇವೆ ಎಂದ. ಆ ಬಿಸಿಲಲ್ಲಿ, ಆ ರಸ್ತೆಯಲ್ಲಿ, ಒಯ್ದರೆ ಹೆಣವೇ ಮುಟ್ಟುತ್ತದೆ ಎಂದು ಪೂನಮ ಗುಂಡಮ್ಮನ ಕಿವಿಯಲ್ಲಿ ಹೇಳಿದಳು. ಸುವರ್ಣಾ ನಾದಿನಿಯ ಮುಖವನ್ನೇ ನೋಡುತ್ತಿದ್ದಳು. ಮೈ ತಣ್ಣಗಿದೆ ಎಂದು ಗುಂಡಮ್ಮ ಒಂದು ಮಾತು ಆಡಿದ್ದರೆ ಸಾಕಿತ್ತು, ಟೆಂಪೋ ಹೊರಡುತ್ತಿತ್ತು.

“ಕನಕಾ,” ಎಂದಳು ಗುಂಡಮ್ಮ, “ಕುರಿಗಿ ಜ್ವರಾ ಬಂದ್ರ ನಿಮ್ಮಪ್ಪ ಥರ್ಮಾಮೀಟರ್ ಎಲ್ಲಿ ಇಡ್ತಾನ?”

“ಅತ್ತೀ, ನಮ್ಮಪ್ಪೇನು ಕುರಿ ಅದಾನೇನು?”

“ಕುರಿ ಇದ್ದಿದ್ರ ಇಷ್ಟೊತ್ತಿಗಿ ನೋಡಿ ಮುಗದು, ಔಷಧಾನೂ ಹೊಟ್ಟ್ಯಾಗ ಹೋಗ್ತಿತ್ತು. ಮನಷ್ಯಾ ಆಗಿ ಹುಟ್ಯಾನಂತ ಸಾಯಲಿಕ್ಕ ಬಿಡ್ತಿ ಏನು?”

ಕನಕರಾಜ ಬಾಯಿ ತೆರೆಯುವುದರೊಳಗೆ ಗುಂಡಮ್ಮ ಒಪ್ಪಿಗೆಯ ಕಾಗದ ಕಿತ್ತುಕೊಂಡು ಸಹಿ ಮಾಡಿದ್ದಳು. ಪರದೆ ಎಳೆದು, ನರ್ಸನ್ನು ಆಚೆ ಕಳಿಸಿ, ತಾನೇ ತಂತಿ ಇಟ್ಟಳು. ದನದ ದವಾಖಾನೆಯ ಕಂಪೌಂಡರನಿಂದ ಹತ್ತನೇ ವಯಸ್ಸಿನಲ್ಲೇ ಕಲಿತ ವಿದ್ಯೆ. ಕಂಕುಳಲ್ಲಿ ತೊಂಬತ್ತೊಂಬತ್ತು ತೋರಿಸಿತು. ಒಳಗೆ ನೂರಾ ಏಳು ಪಾಯಿಂಟ್ ನಾಲ್ಕು.

ಆಮೇಲೆ ನಡೆದದ್ದನ್ನು ಆ ದವಾಖಾನೆ ಇನ್ನೂ ಮರೆತಿಲ್ಲ. ಇಡೀ ಮೈಯನ್ನು ಮಂಜುಗಡ್ಡೆ ಹಾಕಿದ ಬರ್ಫದ ನೀರಲ್ಲಿ ಮುಳುಗಿಸಬೇಕು, ಅಷ್ಟು ದೊಡ್ಡ ತೊಟ್ಟಿ ಇಲ್ಲ ಎಂದು ಪೂನಮ ಕೈ ಹಿಸುಕಿಕೊಂಡಳು. ತೊಟ್ಟಿ ಯಾಕೆ, ಟೆಂಪೋದಲ್ಲಿ ಸೋಯಾ ಮುಚ್ಚುವ ತಾಡಪತ್ರಿ ಇದೆ ಎಂದಳು ಗುಂಡಮ್ಮ. ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಅಂಗಡಿಗಳಿಂದ ಬರ್ಫದ ಹಲಗೆಗಳು ಬಂದವು. ಹನ್ನೆರಡು ಗಂಡಸರು ತಾಡಪತ್ರಿಯ ಅಂಚು ಎತ್ತಿ ಹಿಡಿದು ತೊಟ್ಟಿಲು ಮಾಡಿದರು, ನಡುವೆ ಪೂಜಾರಿ, ಮೇಲಿಂದ ಬರ್ಫದ ನೀರು. ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯುವವರಿಗೆ ಈ ಕೆಲಸ ಹೊಸದೇನಲ್ಲ. ಒಬ್ಬನಂತೂ ರೂಢಿಯಿಂದ ಪೂಜಾರಿಯ ಕಿವಿಗೆ ನೀರು ಹೋಗದಂತೆ ಅಂಗೈಯಿಂದ ಮುಚ್ಚಿಕೊಂಡಿದ್ದ. ಬೀರಣ್ಣ ಒಳಗಿನಿಂದಲೇ ಎಲ್ಲರಿಗೂ ಕುರಿ ಬೈಗುಳ ಬೈಯುತ್ತಿದ್ದ. ತಂತಿಯ ಇನ್ನೊಂದು ತುದಿಯ ಡಬ್ಬಿ ಹಿಡಿದು ಡಾಕ್ಟರಮ್ಮ ನೂರಾ ಆರು, ನೂರಾ ಐದು ಎಂದು ಕೂಗುತ್ತಿದ್ದಳು. ಮೂವತ್ತೈದು ನಿಮಿಷಕ್ಕೆ ನೂರಾ ಎರಡು. ಸಾಕು, ಎತ್ತಿ ಎಂದಳು. ಸ್ವಲ್ಪ ಹೊತ್ತಿಗೆ ಬೈಗುಳ ನಿಂತು, ನನ್ನ ರುಮಾಲು ಎಲ್ಲಿ ಎಂದು ಕೇಳಿದ. ಸುವರ್ಣಾ ರುಮಾಲು ಹುಡುಕಲು ಟೆಂಪೋ ಕಡೆ ಓಡಿದಳು.

ಮರುದಿನ ಬೆಳಿಗ್ಗೆ ಪೂನಮ ರಜಿಸ್ಟರು ತುಂಬುತ್ತ ನಾಲ್ಕನೆಯ ಕಾಲಮ್ಮಿಗೆ ಬಂದಳು. ನಿನ್ನೆ ಗಡಿಬಿಡಿಯಲ್ಲಿ ಕೈ ಇಟ್ಟಿರಲಿಕ್ಕಿಲ್ಲ, ಖಾಲಿ ಬಿಡುತ್ತೇನೆ ಎಂದಳು. ಖಾಲಿ ಬಿಟ್ಟಿದ್ದರೆ ಗುಂಡಮ್ಮನ ದರ್ಪದ ಒಂದು ಕೂದಲೂ ಕೊಂಕುತ್ತಿರಲಿಲ್ಲ.

“ಇಟ್ಟಿದ್ದೆ ಮ್ಯಾಡಂ. ತೊಂಬತ್ತೆಂಟು ಅಂತ ಬರೀರಿ. ಕಂಬಳೀನೂ ಹೊಚ್ಚಿದ್ದೆ, ನಾಲ್ಕು ಮಿನಿಟು. ಅದಕ್ಕೂ ಒಂದು ಕಾಲಮ್ಮು ಇದ್ರ ಬರೀರಿ.”

ಪೂನಮ ತೊಂಬತ್ತೆಂಟು ಎಂದು ಬರೆದು, ಪಕ್ಕದಲ್ಲಿ ಕಂಬಳಿಯ ಸಂಗತಿಯನ್ನೂ ಬರೆದಳು.

ಡಾಕ್ಟರಮ್ಮನ ಮುಂದೆ ಹೇಳುವುದು ಸಲೀಸಾಯಿತು. ಅಣ್ಣನ ಮುಂದೆ ಹೇಳಲು ಮೂರು ದಿನ ಹಿಡಿಯಿತು. ಮನೆಗೆ ಕಳಿಸುವ ದಿನ, ಸುವರ್ಣಾ ಚಹಾ ತರಲು ಹೋದಾಗ, ನೆಲ ಒರೆಸುವ ನೆಪದಲ್ಲಿ ಮುಖ ಎತ್ತದೆ ಎಲ್ಲವನ್ನೂ ಹೇಳಿಬಿಟ್ಟಳು: ತಣ್ಣಗಿದೆ ಎಂದು ತಿಳಿದದ್ದು, ಹೊದಿಸಿ ಒತ್ತಿದ್ದು, ಅವನು ಕುರಿ ಕೂಗು ಕೂಗದಿದ್ದರೆ ಹಾಗೇ ಕೂತಿರುತ್ತಿದ್ದದ್ದು. ಹೆಂಡತಿ ಬಂದಳೇನೋ ಎಂದು ಬೀರಣ್ಣ ಬಾಗಿಲ ಕಡೆ ನೋಡಿದ.

“ನಿಮ್ಮ ವೈನಿ ಮುಂದ ಹೇಳಿದಿ ಏನು?”

“ಇಲ್ಲಣ್ಣಾ.”

“ಹೇಳಬ್ಯಾಡ. ಆಕಿ ನಿನಗ ಸಾಯೋತನಕಾ ಬಿಡಂಗಿಲ್ಲ.”

ಆಮೇಲೆ ಕಾಲು ಆಚೆ ಸರಿಸಿ, ಮಂಚದ ಮೇಲೆ ಜಾಗ ಮಾಡಿ, ಕೂಡು ಎಂದ. ಅವನಿಗೆ ಪೂಜಾರಿಕೆ ಬಂದ ಮೂವತ್ತು ವರ್ಷದಲ್ಲಿ ಗುಂಡಮ್ಮ ಅವನ ಸರಿಸಮ ಕೂತವಳಲ್ಲ. ಒದ್ದೆ ಬಟ್ಟೆ ಬಕೆಟ್ಟಿಗೆ ಹಾಕಿ ಕೂತಳು, ಕೂತು ಹೋ ಎಂದು ಅತ್ತಳು. ಚಹಾ ತಂದ ಸುವರ್ಣಾ ಏನಾಯಿತು ಎಂದು ಗಾಬರಿಯಿಂದ ಕೇಳಿದಾಗ, ಏನಿಲ್ಲ, ಊರಿನ ನೆನಪು ಮಾಡಿಕೊಂಡಳು ಎಂದು ಬೀರಪ್ಪನ ಪೂಜಾರಿ ಮೊದಲ ಸಲ ಹೆಂಡತಿಗೆ ಸುಳ್ಳು ಹೇಳಿದ.