ಕ್ಯಾಂಟೀನಿನಲ್ಲಿ ನಡೆದ ಕುಬಸ

ಮೊನ್ನೆ ಪಕ್ಕದ ಮನೆಯ ಸೊಸೆಗೆ ಏಳು ತಿಂಗಳು ತುಂಬಿ ಸೀಮಂತ, ನಮ್ಮ ಕಡೆಯ ಕುಬಸ, ಇಟ್ಟುಕೊಂಡಿದ್ದರು. ಉಡುಗೊರೆ ತರಲೆಂದು ಧಾರವಾಡದ ಪೇಟೆಗೆ ಹೋದೆ. ಅಂಗಡಿಯವನು ರವಿಕೆಯ ಹಸಿರು ಖಣ ಬಿಚ್ಚಿ ಮುಂದೆ ಹಾಸಿದ. ಹೊಸ ಖಣಕ್ಕೆ ಗಂಜಿಯೂ ಬಣ್ಣವೂ ಬೆರೆತ ಒಂದು ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ಅಕ್ಕೋರು ನೆನಪಾದರು. "ಇದನ್ನ ಕಟ್ಟಲೇನ್ರಿ, ಬ್ಯಾರೇದು ತೋರಿಸ್ಲೋ?" ಎಂದು ಅಂಗಡಿಯವ ಕೇಳುತ್ತಲೇ ಇದ್ದ. ನಾನು ಬಟ್ಟೆಯ ಅಂಚು ಹಿಡಿದು ನಿಂತಿದ್ದೆ...

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಇವರು ಸಾಲಿ ಕಲಿಸಿದವರಲ್ಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ನಾವು ಹೆಣ್ಣುಮಕ್ಕಳು ಸ್ವಿಚ್ಚು ಜೋಡಿಸುತ್ತಿದ್ದ ಲೈನಿಗೆ ಸೂಪರ್ವೈಜರ್ ಆಗಿದ್ದರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಬಂದ ಹೆಸರು ಕಾರ್ಖಾನೆಗೂ ಅಂಟಿಕೊಂಡಿತ್ತು. ಮದುವೆ ಮಾಡಿಕೊಂಡಿರಲಿಲ್ಲ. ಬೈಯಲು ನಿಂತರೆ ಲೈನಿನ ಈ ತುದಿಯಿಂದ ಆ ತುದಿಗೆ ಕೇಳಬೇಕು, ಹಾಗೆ ಬೈಯುತ್ತಿದ್ದರು. ಊಟದ ಹೊತ್ತಿಗೆ ಬೈಸಿಕೊಂಡವಳನ್ನೇ ಹುಡುಕಿ ಪಕ್ಕಕ್ಕೆ ಕೂತು, ತಮ್ಮ ಡಬ್ಬಿಯ ಪಲ್ಯ ಅವಳ ಡಬ್ಬಿಗೆ ಹಾಕುತ್ತಿದ್ದರು.

ಅವರು ಕಂಪನಿಯ ಕಾಯಂ ನೌಕರರು. ನಾನು ಗುತ್ತಿಗೆಯವಳು. ಅಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಪದ್ಧತಿ ಇತ್ತು. ಗುತ್ತಿಗೆಯ ಹೆಣ್ಣುಮಗಳು ಬಸುರಿ ಎಂದು ಆಫೀಸಿಗೆ ಗೊತ್ತಾದರೆ ಸಾಕು, ಸ್ವಲ್ಪ ದಿನದಲ್ಲಿ ಗೇಟಿನಲ್ಲಿ ಅವಳ ಹಾಜರಿ ಕಾರ್ಡು ಇರುತ್ತಿರಲಿಲ್ಲ. ಅದಕ್ಕೇ ನಾವೆಲ್ಲ ದೊಗಳೆ ಏಪ್ರನ್ನಿನೊಳಗೆ ಹೊಟ್ಟೆ ಅಡಗಿಸಿಕೊಂಡು, ಆದಷ್ಟು ದಿನ ದೂಡುತ್ತಿದ್ದೆವು. ನಾನೂ ದೂಡಿದೆ. ಆದರೆ ಏಳು ತಿಂಗಳ ಹೊಟ್ಟೆಯನ್ನು ಎಲ್ಲಿ ಅಂತ ಅಡಗಿಸುವುದು?

ನಾನು ಬೇರೆ ಜಾತಿಯವನನ್ನು ಮದುವೆಯಾಗಿದ್ದೆ. ನನ್ನ ತವರು ಹುಬ್ಬಳ್ಳಿ ಹತ್ತಿರದ ಶಿರಗುಪ್ಪಿಯಲ್ಲಿ, ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ? ಆದರೂ ಆ ಮನೆಯ ಬಾಗಿಲು ನನಗೆ ಮುಚ್ಚಿತ್ತು. ಅತ್ತೆಮನೆಯವರೂ ಬರುತ್ತಿರಲಿಲ್ಲ. ಇದು ಗೊತ್ತಾದ ದಿನ ಅಕ್ಕೋರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಹಂಗಾರ ನಿನಗ ಕುಬಸಾ ಮಾಡವ್ರು ಯಾರು?"

"ಯಾರೂ ಇಲ್ರಿ. ಬಿಡ್ರಿ, ನಡೀತೈತಿ."

"ಹೆಂಗ ನಡೀತೈತಿ? ಇಲ್ಲೇ ಕ್ಯಾಂಟೀನ್ಯಾಗ ಮಾಡೋಣು. ಮ್ಯಾನೇಜರ್ ಸಾಹೇಬ್ರನ್ನೂ ಊಟಕ್ಕ ಕರಿಯೋಣು. ಕುಬಸದ ಊಟ ಉಂಡ ಮನಶ್ಯಾ ಬಸರಿ ಹೆಣ್ಮಗಳನ್ನ ಹೊರಗ ಹಾಕ್ತಾನೇನು?"

ಅವರು ಅದನ್ನು ಮನಸಾರೆ ನಂಬಿದ್ದರು. ನಾವೂ ನಂಬಿದೆವು. ಒಬ್ಬರ ಕೈತುತ್ತು ಉಂಡವರಿಗೆ ಸ್ವಲ್ಪವಾದರೂ ದಾಕ್ಷಿಣ್ಯ ಇರುತ್ತದೆ ಎಂದು ತಿಳಿದು ಬೆಳೆದವರು ನಾವು.

ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ, ಒಬ್ಬೊಬ್ಬರು ಒಂದೊಂದು ತಂದರು. ಅಕ್ಕೋರು ಮನೆಯಲ್ಲಿ ಕೇಕು ಮಾಡಿ ತಂದಿದ್ದರು. ಅವರೇ ಕೊಂಡು ತಂದ ಹಸಿರು ಖಣ, ಹಸಿರು ಬಳೆ. ಆರತಿಯ ತಟ್ಟೆ ಯಾವ ಕಡೆಯಿಂದ ತಿರುಗಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಹುಡುಗಿಯರು ನಕ್ಕರೆ, "ನಗಬ್ಯಾಡ್ರೆ, ಹೇಳಿಕೊಡ್ರಿ" ಎಂದು ತಾವೂ ನಕ್ಕರು. ಮ್ಯಾನೇಜರರು ಬಂದರು, ಹೋಳಿಗೆ ತಿಂದರು, "ಛಲೋ ಆಗೇತಿ" ಎಂದು ಹೊಗಳಿ ಕೈ ತೊಳೆದುಕೊಂಡು ಹೋದರು. ಅಷ್ಟು ಜನ ನನ್ನ ಸುತ್ತ ನಿಂತು ಹಾಡಿದ್ದು ಅದೇ ಮೊದಲು, ಅದೇ ಕೊನೆ. ನಾನು ಅತ್ತುಬಿಟ್ಟೆ.

ಮುಂದಿನ ವಾರ ಗೇಟಿನಲ್ಲಿ ನನ್ನ ಕಾರ್ಡು ಇರಲಿಲ್ಲ.

ಆ ಸಂಜೆಯೇ ಅಕ್ಕೋರು ನಮ್ಮ ಬಾಡಿಗೆ ಕೋಣೆಗೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು, "ಇದು ನನ್ನಿಂದ ಆತು. ಏಪ್ರನ್ನಿನ್ಯಾಗ ಇದ್ದದ್ದನ್ನ ನಾನ ತಗದು ಊರಿಗೆಲ್ಲಾ ತೋರಿಸಿದೆ" ಎಂದರು. ಹಾಗಲ್ಲ ಎಂದು ನಾನು ಅವತ್ತೂ ಹೇಳಿದೆ, ಆಮೇಲೂ ಎಷ್ಟೋ ಸಲ ಹೇಳಿದೆ. ಅವರ ತಲೆಗೆ ಹೋಗಲೇ ಇಲ್ಲ. ಮರುದಿನ ರಜೆ ಹಾಕಿ, ನನ್ನನ್ನು ಕರೆದುಕೊಂಡು ವಕೀಲರ ಹತ್ತಿರ ನಡೆದರು.

ಕೋರ್ಟು, ವಕೀಲರು ಅಂದರೆ ಹೊಲ-ಮನೆಯ ಜಗಳಕ್ಕೆ ಅಂದುಕೊಂಡಿದ್ದವಳು ನಾನು. ಕೆಲಸದ ಸಲುವಾಗಿ ವಕೀಲರನ್ನು ಹಿಡಿಯಬಹುದು, ಅದರಲ್ಲೂ ಗುತ್ತಿಗೆಯವಳು ಕಂಪನಿಯ ಮೇಲೆ ಹೋಗಬಹುದು ಎಂಬುದೇ ನನಗೆ ಹೊಸದು. ನನ್ನ ಗಂಡ, "ದೊಡ್ಡವರ ಉಸಾಬರಿ ನಮಗ್ಯಾಕ" ಎಂದು ರಾತ್ರಿಯಿಡೀ ಗೊಣಗಿದ್ದ. ವಕೀಲರು ಕಾರ್ಮಿಕರ ಕೇಸುಗಳನ್ನೇ ನಡೆಸುವವರು, ವಯಸ್ಸಾದವರು. ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಕೇಳಿದರು. ಮ್ಯಾನೇಜರರು ಹೋಳಿಗೆ ತಿಂದ ಮಾತು ಬಂದಾಗ ಕಣ್ಣು ಬಿಟ್ಟರು.

"ನೋಡವಾ, ಬಸರಿ ಹೆಣ್ಮಗಳನ್ನ ಹಿಂಗ ಕೆಲಸದಿಂದ ತಗೀಲಿಕ್ಕೆ ಕಾಯ್ದೆದಾಗ ಅವಕಾಶ ಇಲ್ಲ. ಗುತ್ತಿಗಿ ಇರ್ಲಿ, ಕಾಯಂ ಇರ್ಲಿ. ಕಂಪನಿಯವ್ರು ಏನಂತಾರ? ಬಸರಿ ಅಂತ ನಮಗ ಗೊತ್ತ ಇರ್ಲಿಲ್ಲ, ತಾನ ಬಿಟ್ಟು ಹೋದ್ಲು ಅಂತಾರ. ಕುಬಸದ ಊಟ ಉಂಡಾರಂದ್ರ ಆ ಮಾತು ನಿಲ್ಲೂದಿಲ್ಲ. ಆದ್ರ ಉಂಡದ್ದನ್ನ ಕಣ್ಣಿಲೆ ಕಂಡವ್ರು ಒಬ್ರು ಕಟಕಟಿಗೆ ಬಂದು ಹೇಳಬೇಕು."

ನಾನು ವಕಾಲತ್ತಿಗೆ ಸಹಿ ಮಾಡಿ ಹೊರಬಿದ್ದವಳು ಮನೆ ಮನೆ ತಿರುಗಿದೆ. ಲೈನಿನ ಹುಡುಗಿಯರೆಲ್ಲ ಬಾಯಿತುಂಬ ಮಾತಾಡಿಸಿದರು, ಚಹಾ ಕೊಟ್ಟರು. ಕೋರ್ಟಿನ ಮಾತು ತೆಗೆದರೆ ಒಬ್ಬಳ ಮಗುವಿಗೆ ಜ್ವರ, ಒಬ್ಬಳ ಗಂಡ ಬಿಡುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ನನ್ನ ಮಗುವಿಗೂ ಜ್ವರ ಬರುತ್ತಿತ್ತು.

ಮತ್ತೆ ವಕೀಲರೆದುರು ಕೂತಾಗ ಅಕ್ಕೋರು ನನ್ನನ್ನು ಮಾತಾಡಲು ಬಿಡಲಿಲ್ಲ. "ಕುಬಸಾ ಮಾಡಿಸಿದಾಕಿ ನಾನ. ನಾನ ಬರ್ತೇನ್ರಿ" ಎಂದರು. ವಕೀಲರು ಕನ್ನಡಕ ತೆಗೆದು, "ಬಾಯಾರ, ನೀವು ಅಲ್ಲೇ ನೌಕರಿ ಮಾಡಾವ್ರು. ವಿಚಾರ ಮಾಡಿ ಹೇಳ್ರಿ" ಎಂದರು. "ಮಾಡೇನ್ರಿ" ಎಂದಷ್ಟೇ ಹೇಳಿ ಅಕ್ಕೋರು ಎದ್ದರು.

ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ಅವರ ಸರದಿ ಬಂದಾಗ ನನ್ನ ಮಗಳು ಅಂಬೆಗಾಲಿಡುತ್ತಿದ್ದಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಬೆಂಚಿನಲ್ಲಿದ್ದೆ. ಮುಂದೆ ಮ್ಯಾನೇಜರರು ಕೂತಿದ್ದರು. ಕಂಪನಿಯ ವಕೀಲ ಎದ್ದು, ನೀವು ಕ್ರಿಶ್ಚಿಯನ್ನರು, ಕುಬಸದ ಬಗ್ಗೆ ನಿಮಗೇನು ಗೊತ್ತು, ಅದು ಯಾರದೋ ಹುಟ್ಟುಹಬ್ಬದ ಊಟ ಇರಬೇಕು ಎಂದ. ಅಕ್ಕೋರು ಅವನನ್ನು ಲೈನಿನ ಹುಡುಗಿಯರನ್ನು ನೋಡುವಂತೆಯೇ ನೋಡಿದರು.

"ಹಸರ ಬಳಿ ಇಡಿಸಿ, ಹಸರ ಖಣಾ ಕೊಟ್ಟು, ಉಡಿ ತುಂಬೂದಕ್ಕ ನಿಮ್ಮ ಮನ್ಯಾಗ ಹುಟ್ಟಿದ ಹಬ್ಬಾ ಅಂತಾರೇನ್ರಿ? ಸಾಹೇಬ್ರು ಇಲ್ಲೇ ಕುಂತಾರ. ಹೋಳಿಗಿ ಮ್ಯಾಲೆ ತುಪ್ಪಾ ಹಾಕಲೇನ್ರಿ ಅಂತ ನಾನ ಕೇಳಿದ್ದೆ. ಹಾಕ್ರಿ ಅಂದಿದ್ರು."

ಕೋರ್ಟಿನಲ್ಲಿ ನಗು ಎದ್ದಿತು. ನಾನೂ ನಕ್ಕೆ. ಮ್ಯಾನೇಜರರು ಮಾತ್ರ ನಗದೆ ಅವರನ್ನೇ ನೋಡುತ್ತಿದ್ದರು... ಆ ನೋಟ ನನಗೆ ಅವತ್ತೇ ಅರ್ಥವಾಗಬೇಕಿತ್ತು.

ಅದಾದ ಮೇಲೆ ಅಕ್ಕೋರನ್ನು ಲೈನಿನಿಂದ ತೆಗೆದು ಸ್ಟೋರಿನ ಮೂಲೆಗೆ ಹಾಕಿದರು. ಒಂದು ಕುರ್ಚಿ ಕೊಟ್ಟರು, ಕೆಲಸ ಕೊಡಲಿಲ್ಲ. ಬೆಳಗಿನಿಂದ ಸಂಜೆಯ ತನಕ ಸುಮ್ಮನೆ ಕೂತಿರಬೇಕು. ಮಾತಾಡಿಸಿದವರಿಗೆ ಆಫೀಸಿನಿಂದ ಕರೆ ಬರುತ್ತಿತ್ತು. ದಿನವಿಡೀ ಲೈನಿನುದ್ದ ಓಡಾಡಿದ ಹೆಂಗಸು, ಗದ್ದಲದ ಮೇಲೆ ಕೂಗಿ ಬದುಕಿದವರು. ಕಡೆಗೊಂದು ದಿನ ತಾವೇ ರಾಜೀನಾಮೆ ಬರೆದುಕೊಟ್ಟು ಮನೆಗೆ ಬಂದರು. ಬಲವಂತ ಯಾರೂ ಮಾಡಲಿಲ್ಲ, ಅವರೇ ಬಿಟ್ಟು ಹೋದರು ಎಂದು ಕಂಪನಿ ಹೇಳಿತು.

ಮಗಳು ಅಂಗನವಾಡಿಗೆ ಹೋಗುತ್ತಿದ್ದಾಗ ಕೇಸು ನನ್ನ ಕಡೆ ಆಯಿತು. ಹೆರಿಗೆಯ ಸವಲತ್ತು ಕೊಟ್ಟು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕೆಂದು ಆದೇಶ ಬಂತು. ನಾನು ಪೇಡೆ ಕಟ್ಟಿಸಿಕೊಂಡು ಅಕ್ಕೋರ ಮನೆಗೆ ಓಡಿದೆ. ಅವರು ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದರು. ಸೂಜಿ ಕೆಳಗಿಟ್ಟು, ಮಗಳನ್ನು ಎತ್ತಿಕೊಂಡು ಕುಣಿಸಿದರು. ಅಷ್ಟು ಖುಷಿ ನನಗೂ ಆಗಿರಲಿಲ್ಲ.

"ನಿಮ್ಮದೂ ಕೇಸು ಹಾಕೋಣು ಅಂತ ವಕೀಲ್ರು ಅನ್ನಾಕತ್ತಾರ್ರಿ" ಎಂದೆ.

"ನನಗ ಸಾಕ್ಷಿ ಯಾರು?"

"ನಾ ಬರ್ತೇನ್ರಿ."

ಹೇಳಿದೆ. ಹೇಳಿದ್ದು ಸುಳ್ಳಲ್ಲ. ಆದರೆ ಹೇಳುವಾಗ ನನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಎಂಬುದು ನನಗೆ ಗೊತ್ತು. ಅವರಿಗೂ ಗೊತ್ತಾಗಿರಬೇಕು.

"ಹುಚ್ಚಿ ಅದೀಯೇನು? ಈಗರೆ ಕೆಲಸ ಸಿಕ್ಕೈತಿ. ಕೂಸು ಸಣ್ಣದೈತಿ. ಸುಮ್ಮನ ಹೋಗು, ಲೈನ್ಯಾಗ ಕುಂದರು."

ಆ ಕ್ಷಣ ನನಗೆ ಹಗುರವಾಯಿತು. ಆ ಹಗುರವನ್ನೇ ನಾನು ಇವತ್ತಿನ ತನಕ ಹೊತ್ತು ತಿರುಗುತ್ತಿದ್ದೇನೆ. ಇನ್ನೊಂದು ಸಲ ಒತ್ತಾಯ ಮಾಡಲಿಲ್ಲ. ಪೇಡೆಯ ಪೊಟ್ಟಣ ಬಿಚ್ಚಿ ಅವರ ಬಾಯಿಗೊಂದು ಇಟ್ಟೆ, ಅವರು ನನ್ನ ಬಾಯಿಗೊಂದು ಇಟ್ಟರು.

ಮೊದಮೊದಲು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೆ. ಆಮೇಲೆ ಕ್ರಿಸ್ಮಸ್ಸಿಗೆ ಒಂದು ಫೋನು... ಹೋದರೆ ಕಾರ್ಖಾನೆಯ ಸುದ್ದಿ ಕೇಳುತ್ತಿದ್ದರು. ಅವರ ಜಾಗಕ್ಕೆ ಯಾರು ಬಂದಿದ್ದಾರೆ, ಲೈನು ಸರಿಯಾಗಿ ನಡೆಯುತ್ತಿದೆಯೇ ಎಂದು. ಉತ್ತರ ಹೇಳುವುದು ನನಗೆ ಕಷ್ಟವಾಗುತ್ತಿತ್ತು. ಹೋಗದಿರುವುದು ಸುಲಭವಾಗುತ್ತ ಬಂತು.

ಅವರು ತೀರಿಕೊಂಡ ಸುದ್ದಿ ನನಗೆ ಲೈನಿನಲ್ಲಿದ್ದಾಗ ಬಂತು. ಅರ್ಧ ದಿನದ ರಜೆ ಕೇಳುವಾಗ, ಸತ್ತವರು ಯಾರೆಂದು ಕೇಳಿದ್ದಕ್ಕೆ ಸೋದರತ್ತೆ ಎಂದೆ. ನಾನು ಮುಟ್ಟುವಷ್ಟರಲ್ಲಿ ಮಣ್ಣು ಹಾಕುತ್ತಿದ್ದರು. ಕೋಲೂರಿಕೊಂಡು ವಕೀಲರು ಬಂದಿದ್ದರು. ನನ್ನ ಹತ್ತಿರ ಬಂದು, "ಬಾಯಾರು ಕೇಸು ಹಾಕಿದ್ರ ಗೆಲ್ತಿದ್ರವಾ. ಒಬ್ರು ಸಾಕ್ಷಿ ಇದ್ರ ಸಾಕಿತ್ತು" ಎಂದರು. ಅವರು ನನ್ನನ್ನು ಚುಚ್ಚಲು ಅಂದದ್ದಲ್ಲ, ವಕೀಲರು ಕೇಸಿನ ಮಾತು ಆಡುವಂತೆ ಆಡಿದರು. ನಾನು ತಲೆಯಾಡಿಸಿದೆ.

ಅಂಗಡಿಯಿಂದ ಖಣ ತಂದು ಪಕ್ಕದ ಮನೆಗೆ ಕೊಟ್ಟೆ, ಕುಬಸವೂ ಆಯಿತು. ಈಗ ನಮ್ಮ ಕಾರ್ಖಾನೆಯಲ್ಲಿ ಬಸುರಿಯರು ಹೊಟ್ಟೆ ಅಡಗಿಸುವುದಿಲ್ಲ. ಗುತ್ತಿಗೆಯವರಿಗೂ ಹೆರಿಗೆ ರಜೆ ಸಿಗುತ್ತದೆ. ನನ್ನ ಕೇಸಿನ ಮರುವರ್ಷದಿಂದ ಹಾಗೆ ನಡೆದುಬಂದಿದೆ. ಹೋದ ವಾರ ಹೊಸ ಹುಡುಗಿಯೊಬ್ಬಳು ರಜೆಗೆ ಹೊರಟಾಗ, "ಅಕ್ಕಾ, ಮದ್ಲಿಂದ ಹಿಂಗ ಇತ್ತೇನ್ರಿ ಇಲ್ಲೆ?" ಎಂದು ಕೇಳಿದಳು. ಮ್ಯಾನೇಜರರು, ಅದೇ ಮ್ಯಾನೇಜರರು, ಈಗ ಇನ್ನೂ ದೊಡ್ಡ ಹುದ್ದೆಯಲ್ಲಿದ್ದಾರೆ, ಆಚೆ ಯಾರೊಡನೆಯೋ ಮಾತಾಡುತ್ತ ನಿಂತಿದ್ದರು.

"ಹೂನವಾ, ಸರಕಾರದ ಕಾಯ್ದೆ ಐತಿ" ಎಂದೆ.

ಇಷ್ಟು ಬರೆದವಳು ಅವರ ಹೆಸರನ್ನು ಒಂದು ಕಡೆಯೂ ಬರೆದಿಲ್ಲ. ಸತ್ತವರಿಗೆ ಇನ್ನು ಯಾರ ಹೆದರಿಕೆಯೂ ಇಲ್ಲ. ನನಗೆ ಇನ್ನೂ ಸರ್ವೀಸು ಇದೆ.