ತಲೆಯಿಲ್ಲದ ಮೀನು

ಶುಕ್ರವಾರದ ನಮಾಜು ಮುಗಿಸಿ ಜನ ಹೊರಬರುವ ಹೊತ್ತಿಗೆ ಸನಿಯ್ಯಾ ಕೆಂಡ ಹದಕ್ಕೆ ತಂದಿದ್ದರು. ಮೀನಿಗೆ ಗೋಧಿ ತೌಡು ಒತ್ತುವುದು, ಕಪ್ಪಾಗುವವರೆಗೆ ಸುಡುವುದು, ಜೀರಿಗೆ, ಬೆಳ್ಳುಳ್ಳಿ ಹಾಕಿದ ಉಪ್ಪುನೀರಿನಲ್ಲಿ ಅದ್ದಿ ತೆಗೆಯುವುದು: ಅವರ ಮೂವತ್ತೊಂದು ವರ್ಷಗಳ ಕೆಲಸ ಇಷ್ಟೇ.

ಈಜಿಪ್ಟಿನ ಕಡಲತೀರದ ಅಬೂಕೀರಿನಲ್ಲಿ ಮೀನನ್ನು ಗಿರಾಕಿಯೇ ಮಾರುಕಟ್ಟೆಯಿಂದ ತರುತ್ತಾನೆ, ಅಂಗಡಿಯವರು ಸುಟ್ಟುಕೊಡುತ್ತಾರೆ. ಊಟ ಎಲ್ಲಿ ಚೆನ್ನಾಗಿರುತ್ತದೆ ಎಂದು ಪರವೂರಿನವರು ಕೇಳಿದರೆ ಮಿನಿಬಸ್ ಚಾಲಕರು ಮೊದಲು ಸನಿಯ್ಯಾ ಹೆಸರೊಂದನ್ನೇ ಹೇಳುತ್ತಿದ್ದರು. ಈಗ, "ತಾಯಿ ಹತ್ರನೋ, ಮಗನ ಹತ್ರನೋ?" ಎಂದು ತಿರುಗಿ ಕೇಳುತ್ತಾರೆ. ಮಗ ವಗ್ದಿ ಎರಡು ವರ್ಷದ ಹಿಂದೆ ರಸ್ತೆಯಾಚೆ ಬೇರೆ ಅಂಗಡಿ ಹಾಕಿದ. ಕಾರಣ, ಚರ್ಮ ಸುಲಿದು ತಲೆ ತೆಗೆದ ಮೀನನ್ನು ತಾಯಿ ಸುಡುವುದಿಲ್ಲ.

ಆ ದಿನ ಕೈರೋದಿಂದ ಬಂದ ನಾಲ್ವರು ಒಂದು ಚೀಲ ತಂದಿಟ್ಟರು.

"ಬೇಗ ಆಗ್ಲಿ ಹಜ್ಜಾ, ಹಸಿವಿಗೆ ಹೊಟ್ಟೇಲಿ ಗುಬ್ಬಚ್ಚಿಗಳು ಕೂಗ್ತಿವೆ," ಎಂದ ಅವರಲ್ಲಿ ಹಿರಿಯ, ವಯಸ್ಸಾದ ಹೆಂಗಸರನ್ನು ಇಲ್ಲಿ ಗೌರವದಿಂದ ಕರೆಯುವಂತೆ.

ಸನಿಯ್ಯಾ ಚೀಲ ಬಿಚ್ಚಿದರು. ದಪ್ಪ ಬಿಳಿ ತುಂಡುಗಳು. "ಇದರ ತಲೆ ಎಲ್ಲಿ?"

"ತಲೆ ಯಾಕೆ, ಮಾತಾಡಿಸ್ತೀರಾ?"

"ಹೂಂ, ಹೆಸರು ಕೇಳ್ತಿದ್ದೆ. ಯಾರು ಕೊಟ್ಟಿದ್ದು?"

"ಮಾರ್ಕೆಟ್ ಹೊರಗೆ ಬಕೆಟ್ ಇಟ್ಕೊಂಡು ಒಬ್ಬ ಕೂತಿದ್ದ. ಪಾಪ, ಸುಲಿದು, ಮುಳ್ಳು ತೆಗೆದು ಕೊಟ್ಟ."

"ಎಸೆದುಬಿಡಿ. ನನ್ನ ಕೆಂಡದ ಮೇಲೆ ಇದು ಬೀಳಲ್ಲ."

ಮುಂದಿನ ಎರಡು ಹಲ್ಲು ಮೊಲದಂತೆ ಇರುವ ಮೀನೊಂದಕ್ಕೆ ಇಲ್ಲಿಯವರು 'ಮೊಲ' ಎಂದೇ ಹೆಸರಿಟ್ಟಿದ್ದಾರೆ. ಅದರ ವಿಷ ಬೇಯಿಸಿದರೂ ಹೋಗದು. ತಿಂದವರಿಗೆ ಮೊದಲು ತುಟಿ ಜುಮುಗುಡುತ್ತದೆ, ಆಮೇಲೆ ಕೈಕಾಲು ಸೋಲುತ್ತವೆ, ಕೊನೆಗೆ ಉಸಿರು ನಿಲ್ಲುತ್ತದೆ. ಬೆಸ್ತನಾಗಿದ್ದ ಗಂಡನ ಬಲೆಯಿಂದ ಸನಿಯ್ಯಾ ಅಂಥ ನೂರಾರು ಮೀನು ಕಿತ್ತೆಸೆದಿದ್ದಾರೆ. ತಲೆ, ಚರ್ಮ ಹೋದರೆ ಮಾತ್ರ ಅದನ್ನು ಗುರುತಿಸುವುದು ಅವರಿಗೂ ಕಷ್ಟ. ಹಾಗಾಗಿ ಸುಲಿದ ಮೀನನ್ನೆಲ್ಲ ಮೊಲವೆಂದೇ ಅನುಮಾನಿಸುತ್ತಾರೆ. ಅವರ ಅನುಮಾನ ಹತ್ತರಲ್ಲಿ ಒಂಬತ್ತು ಸಲ ಸುಳ್ಳಾಗಿದೆ. ಬೀದಿಯಲ್ಲಿ ಅದು ಎಲ್ಲರಿಗೂ ಗೊತ್ತು.

ನಾಲ್ವರೂ ರಸ್ತೆ ದಾಟಿದರು. ಸನಿಯ್ಯಾ ಹಿಂದೆಯೇ ಹೋಗುವಷ್ಟರಲ್ಲಿ ತುಂಡುಗಳು ವಗ್ದಿಯ ಒಲೆಯ ಕಂಬಿಗಳ ಮೇಲಿದ್ದವು.

"ವಗ್ದೀ, ತೆಗಿ ಅದನ್ನ."

"ಶುರುವಾಯ್ತು ನೋಡಿ!" ವಗ್ದಿ ಗಿರಾಕಿಗಳ ಕಡೆ ಕಣ್ಣು ಹೊಡೆದ. "ಹೋದ ವಾರ ಇದೇ ಮಾತು. ಅವತ್ತು ತಿಂದವರು ನೆನ್ನೆ ಮತ್ತೆ ಬಂದಿದ್ರಮ್ಮ, ಇನ್ನೂ ದಪ್ಪ ಆಗಿದ್ರು."

ಮೀನು ಬಡಿಸಿದ. ಕೈರೋದ ಹಿರಿಯ ಮೊದಲ ತುಂಡು ಮುರಿದು ವಗ್ದಿಯ ಬಾಯಿಯ ಹತ್ತಿರ ಹಿಡಿದ. "ಸುಟ್ಟವನಿಗೆ ಮೊದಲ ತುತ್ತು. ಬೇಡ ಅಂದ್ರೆ ನಾನೂ ತಿನ್ನಲ್ಲ."

ಹಾಗೆ ಕೊಟ್ಟ ತುತ್ತನ್ನು ಈ ಊರಿನಲ್ಲಿ ಯಾರೂ ನಿರಾಕರಿಸುವುದಿಲ್ಲ.

"ಬೇಡ ಕಣೋ," ಎಂದರು ಸನಿಯ್ಯಾ.

ವಗ್ದಿ ತಾಯಿಯನ್ನೇ ನೋಡುತ್ತ ತಿಂದ. ನುಂಗಿ, ಬಾಯಿ ತೆರೆದು ತೋರಿಸಿದ. ಮೇಜಿನ ಸುತ್ತ ನಗು ಎದ್ದಿತು.

ಸನಿಯ್ಯಾ ವಾಪಸ್ ಹೋಗಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ಒಲೆಯ ಮೇಲಿದ್ದ ಬೇರೆಯವರ ಎರಡು ಮೀನು ಸೀದುಹೋದರೂ ಏಳಲಿಲ್ಲ. ಗಿರಾಕಿಗಳು ಅನ್ನ ಕೇಳಿದರು, ಎಳ್ಳಿನ ಚಟ್ನಿ ಕೇಳಿದರು. ಅರ್ಧ ಗಂಟೆ ಕಳೆದಿರಬೇಕು. ಬಂದವರಲ್ಲಿದ್ದ ಹೆಂಗಸು ತುಟಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ನಿಂಬೆಹುಳಿ ಜಾಸ್ತಿ ಹಾಕಿದ್ದೀರಾ? ತುಟಿ ಜುಮು ಜುಮು ಅಂತಿದೆ."

ವಗ್ದಿಯ ಬೆರಳುಗಳೂ ಅವನ ತುಟಿಯ ಮೇಲೇ ಇದ್ದವು. "ಅಮ್ಮಾ," ಎಂದ, "ನಾನು ನಿಂಬೆ ಹಿಂಡೇ ಇಲ್ಲ."

ಸನಿಯ್ಯಾ ಎದ್ದರು. ತಟ್ಟೆಯಲ್ಲಿ ಉಳಿದ ಒಂದು ತುಂಡನ್ನು ವೈದ್ಯರಿಗೆ ತೋರಿಸಲೆಂದು ಕಾಗದದಲ್ಲಿ ಸುತ್ತಿದರು. ರಸ್ತೆಯ ನಡುವೆ ನಿಂತು ಅಲೆಕ್ಸಾಂಡ್ರಿಯಾ ಕಡೆಯ ಮಿನಿಬಸ್ಸನ್ನು ತಡೆದು, ಒಳಗಿದ್ದವರನ್ನು ಇಳಿಸಿ, ಐವರನ್ನೂ ಹತ್ತಿಸಿದರು. ವಗ್ದಿ ಮೆಟ್ಟಿಲು ಹತ್ತಲು ಹೋದ, ಕಾಲು ಏಳಲಿಲ್ಲ. ಚಾಲಕ ಎತ್ತಿ ಕೂರಿಸಿದ.

ಶುಕ್ರವಾರದ ದಟ್ಟಣೆಯಲ್ಲಿ ಆಸ್ಪತ್ರೆಗೆ ಐವತ್ತು ನಿಮಿಷದ ದಾರಿ. ಬಸ್ಸು ಮಧ್ಯಾಹ್ನ ಎರಡೂಕಾಲು ಗಂಟೆಗೆ ಹೊರಟಿತು.